ಕ್ಲಚ್ ವೈರ್ ಬದಲಿಸುವ ಮುನ್ನ ಅದರ ದಾರಿ ನೋಡಿ

ಬೈಕಿನಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಎಡಗೈ ಸೋತುಹೋದರೆ ಎಲ್ಲರೂ ಟ್ರಾಫಿಕ್ಕನ್ನೇ ಬೈಯುತ್ತಾರೆ. ಒಮ್ಮೆ ಎಡಗೈ ಲಿವರ್‌ನಿಂದ ಎಂಜಿನ್‌ಗೆ ಹೋಗುವ ಕ್ಲಚ್ ವೈರನ್ನೂ ಅನುಮಾನಿಸಿ. ಹೊಸ ವೈರ್ ಹಾಕಿಸಿ ವಾರ ಕಳೆಯುವುದರೊಳಗೆ ‘ಇದೂ ಬಿಗಿ ಕಣ್ರೀ’ ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ವೈರ್ ಚೆನ್ನಾಗೇ ಇರುತ್ತದೆ, ಹಾಕಿದ ದಾರಿ ಕೆಟ್ಟಿರುತ್ತದೆ.

ಮೊದಲು ಬಿಚ್ಚುವುದು. ಎಂಜಿನ್ ತಣ್ಣಗಾಗಲಿ. ಲಿವರ್ ಹತ್ತಿರದ ಲಾಕ್‌ನಟ್ ಸಡಿಲಿಸಿ, ವೈರಿನ ಬಿಗಿ ಹೊಂದಿಸುವ ತಿರುಪನ್ನು, ಅಂದರೆ ಅಡ್ಜಸ್ಟರನ್ನು, ಪೂರ್ತಿ ಒಳಕ್ಕೆ ತಿರುಗಿಸಿ. ಅಡ್ಜಸ್ಟರ್, ನಟ್, ಲಿವರ್ ಮೂರರಲ್ಲೂ ಒಂದೊಂದು ಸೀಳು ಇರುತ್ತದೆ. ಮೂರೂ ಒಂದೇ ಸಾಲಿಗೆ ಬಂದರೆ ವೈರ್ ತಾನಾಗೇ ಹೊರಗೆ ಜಾರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಸಡಿಲ ಸಾಲದಿದ್ದರೆ ಎಂಜಿನ್ ಕಡೆಯ ನಟ್ಟನ್ನೂ ಸಡಿಲಿಸಿ.

ಎಂಜಿನ್ ಕಡೆಯ ತುದಿಯನ್ನೂ ಕಳಚಿ. ಈಗ ಲಿವರ್ ಅಲ್ಲಾಡಿಸಿ ನೋಡಿ, ಒಳಗಿನ ವೈರನ್ನೂ ಹಿಂದೆ ಮುಂದೆ ಎಳೆದು ನೋಡಿ. ಎರಡೂ ನುಣ್ಣಗೆ ಆಡಿದರೆ ತೊಂದರೆ ಇರುವುದು ಕ್ಲಚ್ ಒಳಗೆ ಅಥವಾ ವೈರ್ ಎಳೆಯುವ, ಎಂಜಿನ್ ಮೇಲಿನ ಕ್ಲಚ್ ಆರ್ಮ್‌ನಲ್ಲಿ. ಅದು ಮೆಕ್ಯಾನಿಕ್ ಕೆಲಸ. ವೈರ್ ಎಳೆಯುವಾಗ ಕಚ್ಚಿದರೆ, ಅಥವಾ ತುದಿಯ ಲೋಹದ ಗುಂಡಿನ (ನಿಪ್ಪಲ್) ಬಳಿ ಒಂದೇ ಒಂದು ಎಳೆ ಕಿತ್ತಿದ್ದರೂ ಹೊಸದು ತನ್ನಿ. ಎಣ್ಣೆ ಬಿಟ್ಟು ಇನ್ನೊಂದು ತಿಂಗಳು ಓಡಿಸೋಣ ಅನ್ನೋ ಆಸೆ ಬೇಡ, ಅದು ಫ್ಲೈಓವರ್ ಮೇಲೇ ಕಿತ್ತುಹೋಗುವುದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಹಗುರ ಅನಿಸುತ್ತದೆ, ಆಮೇಲೆ ಯಥಾಪ್ರಕಾರ. ಗ್ರೀಸಂತೂ ಬೇಡವೇ ಬೇಡ, ಧೂಳು ಸೇರಿ ಅಂಟಾಗುತ್ತದೆ.

ಹೊಸ ವೈರ್ ಕೊಳ್ಳಲು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ವೈರನ್ನು ಜೊತೆಗೇ ಒಯ್ಯಿರಿ. ಆದರೆ ಅದನ್ನು ಬೈಕಿನಿಂದ ಹೊರಗೆ ಎಳೆಯುವ ಮುಂಚೆ ಮುಂದಿನ ಪ್ಯಾರಾ ಓದಿ! ಒಂದೇ ಹೆಸರಿನ ಬೈಕಿನಲ್ಲೂ ವರ್ಷ ಬದಲಾದರೆ ಉದ್ದ ಬದಲಾಗಬಹುದು. ಹೊರಗಿನ ಕವಚದ ಉದ್ದ, ತುದಿಯಲ್ಲಿ ಚಾಚುವ ವೈರಿನ ಉದ್ದ, ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಎಂಆರ್‌ಪಿ ಇಲ್ಲದ ಪ್ಯಾಕೆಟ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಎಡವುವುದು ಇಲ್ಲಿ. ಹಳೆಯದನ್ನು ಎಳೆಯುವ ಮುನ್ನ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ: ಹ್ಯಾಂಡಲ್ ಬುಡ, ಟ್ಯಾಂಕಿನ ಕೆಳಗೆ, ಎಂಜಿನ್ ಪಕ್ಕ. ಯಾವ ಕ್ಲಿಪ್ಪಿನ ಒಳಗಿಂದ ಹೋಗಿದೆ, ಬೇರೆ ವೈರುಗಳ ಮೇಲಿದೆಯೋ ಕೆಳಗಿದೆಯೋ ಕಾಣಬೇಕು. ಆಮೇಲೆ ಲಿವರ್ ಕಡೆಯ ತುದಿಗೆ ಗಟ್ಟಿ ನೈಲಾನ್ ದಾರ ಕಟ್ಟಿ, ಲಾಡಿ ಪೋಣಿಸಿದ ಹಾಗೆ, ಹಳೆಯದನ್ನು ಎಂಜಿನ್ ಕಡೆಯಿಂದ ನಿಧಾನ ಎಳೆಯಿರಿ. ವೈರ್ ಹೊರಬಂದರೂ ದಾರ ಅದರ ಜಾಗದಲ್ಲೇ ಉಳಿಯುತ್ತದೆ. ಅದೇ ದಾರಕ್ಕೆ ಹೊಸ ವೈರಿನ ಮೇಲಿನ ತುದಿ ಕಟ್ಟಿ ವಾಪಸ್ ಎಳೆದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಟ್ಯಾಂಕಿನ ಕೆಳಗೆ ಸಿಕ್ಕಿಕೊಂಡರೆ ಜಗ್ಗಬೇಡಿ, ಟ್ಯಾಂಕ್ ಬಿಚ್ಚಿ ಸ್ವಲ್ಪ ಎತ್ತಿ. ಸೋಮಾರಿತನಕ್ಕೆ ಇಲ್ಲಿ ಜಗ್ಗಿದವರೇ ಕವಚ ಮಡಚಿ ಹೊಸ ವೈರ್ ಹಾಳು ಮಾಡೋದು.

ವೈರ್ ಸೈಲೆನ್ಸರ್ ಪೈಪಿಗೆ ತಾಗಬಾರದು, ಪ್ಲಾಸ್ಟಿಕ್ ಕರಗುತ್ತದೆ. ತಿರುವುಗಳು ಅಗಲವಾಗಿರಲಿ. ಅಂದವಾಗಿ ಕಾಣಲಿ ಅಂತ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಾಗಿ ಕಟ್ಟುವವರಿದ್ದಾರೆ, ನನಗೆ ಅದನ್ನು ಕಂಡರಾಗದು. ಕವಚ ಅಮುಕಿದರೆ ವೈರ್ ಉಜ್ಜುತ್ತದೆ, ಮತ್ತೆ ಅದೇ ಬಿಗಿ. ಎರಡೂ ತುದಿ ಸಿಕ್ಕಿಸಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎರಡೂ ಕಡೆ ಲಿವರ್‌ನ ಸಡಿಲ ಒಂದೇ ಇರಬೇಕು. ಒಂದು ಕಡೆ ಬಿಗಿದರೆ ಎಲ್ಲೋ ಎಳೆಯುತ್ತಿದೆ, ಫೋಟೋ ಹಿಡಿದು ಮತ್ತೆ ನೋಡಿ.

ಅಡ್ಜಸ್ಟ್ ಮಾಡುವುದು ಸುಲಭ. ದೊಡ್ಡ ವ್ಯತ್ಯಾಸ ಎಂಜಿನ್ ಕಡೆ, ಸಣ್ಣದು ಲಿವರ್ ಕಡೆ. ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಸಡಿಲ ಬಿಡುತ್ತಾರೆ, ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ. ಜಾಸ್ತಿಯಾದರೆ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ.

ಲಾಕ್‌ನಟ್ ಬಿಗಿಸಿ, ಮೇಲಿನ ರಬ್ಬರ್ ಟೋಪಿ ಸರಿಯಾಗಿ ಕೂರಿಸಿ. ಮಳೆನೀರು ಒಳಗೆ ಇಳಿಯುವುದು ಅಲ್ಲಿಂದಲೇ. ಹೊಸ ವೈರ್ ಓಡಿದಂತೆ ಒಂಚೂರು ಸಡಿಲವಾಗುತ್ತದೆ, ವಾರ ಬಿಟ್ಟು ಲಿವರ್ ಕಡೆಯಲ್ಲೇ ಇನ್ನೊಮ್ಮೆ ಅಡ್ಜಸ್ಟ್ ಮಾಡಿ.