ಮಗುವಿನ ಪಾದ ಚಪ್ಪಟೆ ಅನಿಸಿದರೆ ಮೊದಲು ತುದಿಗಾಲಲ್ಲಿ ನಿಲ್ಲಿಸಿ

ದಾವಣಗೆರೆಯ ಅಪ್ಪ-ಅಮ್ಮಂದಿರೇ, ಜೂನ್‌ನಲ್ಲಿ ಸ್ಕೂಲ್ ಶೂ ಜೊತೆ ಅದರೊಳಗೆ ಅಂಗಾಲಿಗೆ ಆಸರೆಯಾಗಿ ಇಡುವ ಒಳಸೋಲ್‌ಗೂ ದುಡ್ಡು ಕೊಡುವ ಮೊದಲು ಮಗುವನ್ನು ಬರಿಗಾಲಲ್ಲಿ, ತುದಿಗಾಲ ಮೇಲೆ ನಿಲ್ಲಿಸಿ ನೋಡಿ. ಅಂಗಾಲಿನ ಒಳಬದಿಯಲ್ಲಿ ಕಮಾನು ಎದ್ದು ಕಂಡರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಈ ಸೋಲ್ ಬೇಕಿಲ್ಲ. ಚಿಕ್ಕ ಮಕ್ಕಳ ಅಂಗಾಲಲ್ಲಿ ಕೊಬ್ಬು ಜಾಸ್ತಿ, ಕೀಲುಗಳ ಕಟ್ಟೂ ಸಡಿಲ. ಹಾಗಾಗಿ ನಿಂತಾಗ ಕಮಾನು ಕುಸಿದು ಒದ್ದೆ ಹೆಜ್ಜೆ ಪೂರ್ತಿ ಮೂಡುತ್ತದೆ. ಹೆಚ್ಚಿನ ಮಕ್ಕಳಲ್ಲಿ 6ರಿಂದ 10 ವರ್ಷದೊಳಗೆ ಕಮಾನು ತಾನಾಗೇ ರೂಪುಗೊಳ್ಳುತ್ತದೆ. ಸೋಲ್ ಹಾಕಿದರೆ ಬೇಗ ಬರುತ್ತದೆ ಅನ್ನೋದು ಅಂಗಡಿಯವರ ಮಾತು ಅಷ್ಟೇ. ಅದು ನೋವು ಕಡಿಮೆ ಮಾಡಬಹುದು, ಕಮಾನು ಕಟ್ಟುವುದಿಲ್ಲ. ತುದಿಗಾಲಲ್ಲಿ ನಿಲ್ಲಲು ಬಾರದ ಪುಟಾಣಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಸುಮ್ನೆ ನಿಲ್ಲಿಸಿ, ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿ, ಆಗಲೂ ಕಮಾನು ಏಳಬೇಕು. ಏಳದಿದ್ದರೆ, ಪಾದ ಬಿಗಿಯಾಗಿದ್ದರೆ, ಒಂದೇ ಕಾಲು ಚಪ್ಪಟೆ ಇದ್ದರೆ, ಕುಂಟಿದರೆ ಅಥವಾ ಆಟವಾಡಿ ಬಂದು ದಿನಾ ಕಾಲು ನೋವು ಅಂದರೆ ಮೂಳೆ ಡಾಕ್ಟರಿಗೆ ತೋರಿಸಿ. ಆಗ ಸೋಲ್ ಬೇಕಾ ಅಂತ ಅವರೇ ಹೇಳಲಿ. ಉಳಿದ ಮಕ್ಕಳು ಮನೆಯೊಳಗೆ, ಮರಳಲ್ಲಿ ಬರಿಗಾಲಲ್ಲೇ ಓಡಾಡಲಿ. ಬೇಸಿಗೆಯ ಕಾದ ನೆಲದಲ್ಲಿ ಮಾತ್ರ ಬೇಡ, ನಮ್ಮ ಊರಿನ ಬಿಸಿಲು ಗೊತ್ತಲ್ವಾ!