ಮಾತು ಬಾಯಿಪಾಠಕ್ಕೆ ರೆಕಾರ್ಡಿಂಗ್: ನಾನು ಮಾಡುವ ಕ್ರಮ

ನಾಟಕದಲ್ಲಿ ನಮ್ಮ ಪಾತ್ರದ ಮಾತನ್ನು ರೆಕಾರ್ಡ್ ಮಾಡಿ ದಿನವಿಡೀ ಕೇಳುತ್ತಿದ್ದರೆ ಅದು ಕಿವಿಗೆ ಪರಿಚಯವಾಗುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ. ಕೇಳಿದಾಗ ‘ಇದು ಗೊತ್ತು’ ಅನ್ನಿಸುವುದೇ ಬೇರೆ, ಎದುರು ಪಾತ್ರ ಮಾತು ಮುಗಿಸಿದ ತಕ್ಷಣ ನಮ್ಮ ಮಾತನ್ನು ತಾನಾಗಿ ಎತ್ತುವುದೇ ಬೇರೆ. ಹಾಗಾಗಿ ನಾನು ಹೆಚ್ಚು ಗಮನ ಕೊಡುವುದು ರೆಕಾರ್ಡಿಂಗಿನ ನಡುವೆ ಬಿಡುವ ಖಾಲಿ ಜಾಗಕ್ಕೆ.

ದೃಶ್ಯವನ್ನು 3ರಿಂದ 5 ನಿಮಿಷದ ತುಂಡುಗಳಾಗಿ ಒಡೆದುಕೊಳ್ಳುತ್ತೇನೆ. ಇಡೀ ನಾಟಕ ಒಂದೇ ಫೈಲಿನಲ್ಲಿದ್ದರೆ ಮೊದಲ ಪುಟಗಳು ನುರಿತು, ಕೊನೆಯವು ಹಸಿಯಾಗಿಯೇ ಉಳಿಯುತ್ತವೆ. ಒಂದೊಂದು ತುಂಡಿಗೂ ಎರಡು ಫೈಲು: ಒಂದರಲ್ಲಿ ಎಲ್ಲರ ಮಾತು, ಇನ್ನೊಂದರಲ್ಲಿ ಎದುರು ಪಾತ್ರದ ಮಾತಷ್ಟೇ, ನನ್ನ ಸರದಿ ಬಂದಾಗ ಮೌನ. ಈ ಮೌನವನ್ನು ಅಂದಾಜಿನಲ್ಲಿ ಬಿಟ್ಟರೆ ಸಾಮಾನ್ಯವಾಗಿ ಸಾಲುವುದಿಲ್ಲ. ರೆಕಾರ್ಡ್ ಮಾಡುವಾಗ ನನ್ನ ಮಾತನ್ನು ಸದ್ದಿಲ್ಲದೆ ತುಟಿಯಲ್ಲೇ ಪೂರ್ತಿ ಹೇಳಿಕೊಂಡು, ಮೇಲೆ 2 ಸೆಕೆಂಡು ಕಾಯುತ್ತೇನೆ.

ಓದುವಾಗ ಭಾವ ತುಂಬುವುದಿಲ್ಲ, ಪದ ಮಾತ್ರ ಸ್ಪಷ್ಟವಾಗಿರಬೇಕು. ಮೊದಲ ದಿನಗಳಲ್ಲಿ ಕಿವಿಗೆ ಕೂತ ಏರಿಳಿತ ಬಹಳ ಹಟಮಾರಿ. ನಿರ್ದೇಶಕರು ತಾಲೀಮಿನಲ್ಲಿ ಬೇರೆ ಧಾಟಿ ಕೇಳಿದರೂ ಬಾಯಿ ಹಳೆಯದಕ್ಕೇ ಎಳೆಯುತ್ತದೆ. ಫೋನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕಿರಲಿ. ನೇರ ಹಿಡಿದರೆ ಪ, ಫ, ಭ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ಮುಗಿದ ಮೇಲೆ ನಾಟಕದ ಪ್ರತಿಯನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಲೇಬೇಕು. ಇಲ್ಲಿ ನುಸುಳಿದ ಒಂದು ತಪ್ಪು ಪದ ಪ್ರದರ್ಶನದವರೆಗೂ ಬರುತ್ತದೆ.

ಮೊದಲ ಫೈಲನ್ನು ಪ್ರತಿ ನೋಡುತ್ತ ಎರಡು ಸಲ ಕೇಳಿ, ಕೂಡಲೇ ಮೌನದ ಫೈಲಿಗೆ ಹೋಗುತ್ತೇನೆ. ನಡೆಯುತ್ತ, ಗಟ್ಟಿಯಾಗಿ ಹೇಳುವುದು. ಮನಸ್ಸಿನಲ್ಲೇ ಹೇಳಿಕೊಂಡರೆ ನಾಲಿಗೆ ತೊಡರುವ ಜಾಗ ಗೊತ್ತಾಗುವುದಿಲ್ಲ. ಮಾತು ತಪ್ಪಿದರೆ ಫೈಲು ನಿಲ್ಲಿಸಿ, ಪ್ರತಿ ನೋಡುವ ಮೊದಲು ಸುಮಾರು 10 ಸೆಕೆಂಡು ನೆನಪಿನಲ್ಲೇ ಹುಡುಕುತ್ತೇನೆ. ಹಾಗೆ ಹುಡುಕಿ ಸಿಕ್ಕಿದ್ದು ಗಟ್ಟಿಯಾಗಿ ನಿಲ್ಲುತ್ತದೆ. ಅದೇ ತುಂಡನ್ನು ರಾತ್ರಿ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ, ಆಮೇಲೆ ಎರಡು ದಿನ ಬಿಟ್ಟು ಇನ್ನೊಮ್ಮೆ.

ಒಂದೇ ದೃಶ್ಯದಲ್ಲಿ ‘ಆಮೇಲೆ?’ ಎಂಬಂಥ ಕ್ಯೂ (ನಮ್ಮ ಮಾತು ಎತ್ತಲು ಸೂಚನೆಯಾಗುವ, ಎದುರು ಪಾತ್ರದ ಕೊನೆಯ ಮಾತು) ಎರಡು ಕಡೆ ಬಂದರೆ ಅಪಾಯ, ನಡುವಿನ ಪುಟವೇ ಹಾರಿಹೋಗಬಹುದು. ಅಂಥ ಕಡೆ ಕ್ಯೂಗಿಂತ ಹಿಂದಿನ ಎರಡು ಮಾತುಗಳನ್ನೂ ಸೇರಿಸಿ ಆ ತುಣುಕನ್ನಷ್ಟೇ ಬೇರೆಯಾಗಿ ರೆಕಾರ್ಡ್ ಮಾಡಿ ಅಭ್ಯಾಸ ಮಾಡುತ್ತೇನೆ.

ಮಾತು ಕೂತ ಮೇಲೆ ಕ್ಯೂಗಳನ್ನು ಇನ್ನೊಬ್ಬರಿಂದ ಹೊಸದಾಗಿ ಓದಿಸುತ್ತೇನೆ: ಒಮ್ಮೆ ಬೇಗ, ಒಮ್ಮೆ ನಿಧಾನ. ನನ್ನದೇ ಧ್ವನಿ, ಅದೇ ಅಂತರ ಕೇಳಿ ಕೇಳಿ ರೂಢಿಯಾದರೆ, ಸಹನಟರು ಅರೆಕ್ಷಣ ತಡೆದರೂ ಮಾತು ಕೈಕೊಡುತ್ತದೆ.