ಶಾಟ್‌ಗೆ ಮೊದಲೇ ಹೇಳಿಬಿಡಿ: ಪೂಲ್ ಟೇಬಲ್ ಪಕ್ಕ ನಿಂತವನ ಅನುಭವ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಹುಡುಗರು ಸೇರಿ ಭಾನುವಾರ ಸಣ್ಣ ಪೂಲ್ (ಸ್ನೂಕರ್ ಥರ ಟೇಬಲ್ ಮೇಲೆ ಕೋಲಿನಿಂದ ಬಾಲ್ ಹೊಡೆಯುವ ಆಟ) ಟೂರ್ನಮೆಂಟ್ ಮಾಡಿಕೊಳ್ಳುತ್ತಾರೆ. ಎಂಟ್ರಿ ಫೀಸ್ ಇರುತ್ತದೆ, ಬಹುಮಾನ ಇರುತ್ತದೆ, ರೆಫರಿ ಮಾತ್ರ ಇರುವುದಿಲ್ಲ. ಸೋತು ಖಾಲಿ ಕೂತವನನ್ನು "ಅಣ್ಣಾ, ಸ್ವಲ್ಪ ನೋಡ್ಕೊಳ್ಳಿ" ಅಂತ ನಿಲ್ಲಿಸುತ್ತಾರೆ. ನಾನು ರೆಫರಿ ಆಗಿದ್ದು ಹೀಗೇ. ಬೇಗ ಸೋಲುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಜಗಳವೆಲ್ಲ ಶಾಟ್ ಆದ ಮೇಲೆ ಶುರುವಾಗುತ್ತದೆ. ಅದಕ್ಕೇ ನಾನು ಮೊದಲೇ ಬಾಯಿ ಬಿಡುತ್ತೇನೆ. ಬಾಲ್ ಕುಷನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ) ಅಂಟಿಕೊಂಡಿದೆಯಾ? ಬಗ್ಗಿ ನೋಡಿ, "ತಾಗಿದೆ" ಅಂತ ಇಬ್ಬರಿಗೂ ಕೇಳುವಂತೆ ಹೇಳುತ್ತೇನೆ. ಯಾರೂ ಹೇಳದಿದ್ದರೆ ತಾಗಿಲ್ಲ ಅಂತಲೇ ಲೆಕ್ಕ. ತಾಗಿದ್ದ ಬಾಲ್ ಅದೇ ಕುಷನ್‌ಗೆ ಒರಗಿ ಅಲ್ಲೇ ಉಳಿದರೆ ಕುಷನ್ ಮುಟ್ಟಿದ ಹಾಗಲ್ಲ. ಬಿಟ್ಟು ಬಂದು ಮತ್ತೆ ತಾಗಬೇಕು, ಇಲ್ಲವೇ ಬೇರೆ ಕುಷನ್‌ಗೆ ಹೋಗಬೇಕು. ನೈನ್ ಬಾಲ್‌ನಲ್ಲಿ (ಪೂಲ್‌ನ ಒಂದು ಬಗೆ) ಸತತ 3 ಫೌಲ್ ಮಾಡಿದವನು ಆ ರ‍್ಯಾಕ್ (ಅಂದರೆ ಆ ಒಂದು ಆಟ) ಸೋಲುತ್ತಾನೆ. ಆದರೆ 2 ಆದಾಗ ರೆಫರಿ ಎಚ್ಚರಿಸಿರಬೇಕು. ಎಚ್ಚರಿಸದಿದ್ದರೆ ಮೂರನೆಯದನ್ನೂ ಎರಡನೆಯದು ಅಂತಲೇ ಎಣಿಸಬೇಕು. ಸುಮ್ನೆ ನಿಲ್ಲೋ ಕೆಲಸ ಅಲ್ಲ ಇದು.

ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಬಾಲ್) ಎರಡು ಬಾಲ್‌ಗಳಿಗೆ ಹೆಚ್ಚು ಕಡಿಮೆ ಒಟ್ಟಿಗೆ ತಾಗುವಂತಿದ್ದರೆ, ಎರಡರ ನಡುವಿನ ಜಾಗ ಕಾಣುವ ಕಡೆ ಹೋಗಿ ನಿಲ್ಲುತ್ತೇನೆ. ಯಾವುದು ಮೊದಲು ಅಂತ ಆಗಲೂ ಗೊತ್ತಾಗದಿದ್ದರೆ ಅನುಮಾನದ ಲಾಭ ಶಾಟ್ ಹೊಡೆದವನಿಗೆ. "ಏನ್ ಗುರು, ಫೌಲ್ ಅಲ್ವಾ ಅದು?" ಅಂತ ಎದುರಾಳಿ ಕೂಗಿದರೂ ಅಷ್ಟೇ.

ಇನ್ನು ಬಾಲ್ ಒರೆಸುವ ವಿಚಾರ. ಕೋಲಿನ ತುದಿಗೆ ಹಚ್ಚುವ ಚಾಕ್‌ನ ಪುಡಿ ಅಂಟಿದ ಜಾಗದಲ್ಲೇ ಬಾಲ್‌ಗಳು ಡಿಕ್ಕಿ ಹೊಡೆದರೆ ಉಜ್ಜಾಟ ಜಾಸ್ತಿಯಾಗಿ ದಾರಿ ತಪ್ಪುತ್ತವೆ. ಸ್ನೂಕರ್ ಆಡುವವರು ಅದನ್ನು ಕಿಕ್ ಅನ್ನುತ್ತಾರೆ. ಹಾಗಾಗಿ ಒರೆಸಿಕೊಡಿ ಅಂತ ಆಟಗಾರ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಎತ್ತಿದ ಬಾಲ್ ಮತ್ತೆ ಅದೇ ಜಾಗದಲ್ಲಿ ಕೂರಬೇಕಲ್ಲ. ನಮ್ಮ ಹುಡುಗರು ಬೆರಳಿಟ್ಟು ಅಂದಾಜು ಮಾಡಿ ಎತ್ತುತ್ತಿದ್ದರು. ಒಬ್ಬ ಟೇಬಲ್ ಬಟ್ಟೆ ಮೇಲೆ ಚಾಕ್‌ನಿಂದ ಸುತ್ತು ಗೀಚಿದ್ದ, ಪಾರ್ಲರ್ ಅಂಕಲ್ ಅವನನ್ನು ಹೊರಗೆ ಹಾಕುವುದೊಂದು ಬಾಕಿ. ಊರಿನ ಹಳೇ ಕ್ಲಬ್ಬೊಂದರ ಮಾರ್ಕರ್ (ಟೇಬಲ್, ಸ್ಕೋರ್ ನೋಡಿಕೊಳ್ಳುವವರು) ಬಳಿ ಸ್ನೂಕರ್‌ನ ಬಾಲ್ ಮಾರ್ಕರ್, ಅಂದರೆ ಬಾಲ್ ಇದ್ದ ಜಾಗ ಗುರುತಿಡುವ ಸಾಧನ, ನೋಡಿದ್ದೆ. ಅದನ್ನು ನೆನೆದು ಹಳೇ ಎಟಿಎಂ ಕಾರ್ಡ್‌ಗಳನ್ನು ಒಂದರ ಮೇಲೊಂದು ಅಂಟಿಸಿ, ಒಂದು ಅಂಚಿನಲ್ಲಿ ತ್ರಿಕೋನದ ಕಚ್ಚು ಮಾಡಿದೆ. ಒಂದೇ ಕಾರ್ಡ್ ಸಾಲದು. ತೆಳ್ಳಗಿರುವುದರಿಂದ ಬಾಲ್ ಅಡಿಗೆ ನುಗ್ಗಿ ಅದನ್ನೇ ಅಲುಗಿಸುತ್ತದೆ. ಕಚ್ಚಿನ ಎರಡೂ ಬದಿ ಮೆಲ್ಲಗೆ ತಾಗುವವರೆಗೆ ಸರಿಸಬೇಕು. ಒಂದು ಬೆರಳಿಂದ ಒತ್ತಿ ಹಿಡಿದು ಬಾಲ್ ಎತ್ತಬೇಕು. ಒರೆಸಿ, ಎರಡೂ ಬದಿಗೆ ತಾಗಿಸಿ ಇಟ್ಟು, ಕಾರ್ಡ್ ಅನ್ನು ನೇರ ಹಿಂದಕ್ಕೆ ಎಳೆಯಬೇಕು. ಓರೆಯಾಗಿ ಎಳೆದರೆ ಕಥೆ ಮುಗೀತು.

ಬಾಲ್‌ಗಳು ಒಂದಕ್ಕೊಂದು ಅಂಟಿದ್ದರೆ ನಾನು ಒಂದನ್ನು ಮಾತ್ರ ಎತ್ತುತ್ತೇನೆ, ಅದೂ ಇಬ್ಬರೂ ಒಪ್ಪಿದರೆ. ಒರೆಸುವಾಗ ಬಾಲ್ ನನ್ನ ಕೈಯಲ್ಲೇ ಇರಬೇಕು, ಆಟಗಾರರು ಮುಟ್ಟುವಂತಿಲ್ಲ. ಟೆನ್ಷನ್ ಆದಾಗಲೆಲ್ಲ "ಅಣ್ಣಾ, ಒರೆಸಿ" ಅನ್ನುವವರೂ ಇದ್ದಾರೆ. ಅಂಥವರಿಗೆ ಬಾಲ್ ಹತ್ತಿರ ಹೋಗಿ ನೋಡಿ, ಚಾಕ್ ಕಲೆ ಕಾಣದಿದ್ದರೆ "ಕ್ಲೀನ್ ಇದೆ, ಆಡಪ್ಪ" ಅನ್ನುತ್ತೇನೆ.